ಬಿಎಂಟಿ ಆದ್ಮೇಲೆ ಪದೇ ಪದೇ ವೈರಸ್ ಇನ್ಫೆಕ್ಷನ್, ಅನುಭವ ಇದ್ದೋರು ಹೇಳಿ

ಶಿರಸಿಯಿಂದ ಕೇಳ್ತಿದ್ದೀನಿ. ತಮ್ಮಂಗೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆಗಿ ವರ್ಷ ಆಗ್ತಾ ಬಂತು, ಡೋನರ್ ನಾನೇ. ಎರಡು ಸಲ ಸಿಎಂವಿ (ಸೈಟೋಮೆಗಾಲೋ ಅನ್ನೋ ವೈರಸ್) ಬಂತು, ಈಗ ಸೊಂಟದ ಹತ್ರ ಸರ್ಪಸುತ್ತು ಎದ್ದಿದೆ. ರಕ್ತದ ಕೌಂಟ್ ನೋಡಿದ್ರೆ ನಾರ್ಮಲ್, ಮತ್ತ್ಯಾಕೆ ಹೀಗೆ? ಅಮೃತಬಳ್ಳಿ ಕಷಾಯ ಕೊಡಿ ಅಂತಾರೆ ಎಲ್ರೂ, ಕೊಡ್ಬಹುದಾ?

ಕಾರವಾರದಿಂದ:
ಅಕ್ಕ, ಮೊದ್ಲು ಸರ್ಪಸುತ್ತಿನ ಫೋಟೋ ಇವತ್ತೇ ಟ್ರಾನ್ಸ್‌ಪ್ಲಾಂಟ್ ಟೀಮಿಗೆ ಕಳ್ಸಿ ಫೋನ್ ಮಾಡಿ, ಕೆಮ್ಮಣ್ಣು ಹಚ್ಚಿ ನೋಡೋಣ ಅಂತ ಕಾಯ್ಬೇಡಿ, ಇಂಥ ಪೇಷಂಟ್‌ಗೆ ಅದು ಮೈತುಂಬ ಹರಡಬಹುದು. ಸರ್ಪಸುತ್ತು ಬರ್ದಂಗೆ ಕೊಡೋ ಅಸೈಕ್ಲೋವಿರ್ ಮಾತ್ರೆ ಎಲ್ಲಾದ್ರೂ ನಿಂತಿದ್ಯಾ ನೋಡಿ, ಕಡಿಮೆ ಅಂದ್ರೂ ಒಂದು ವರ್ಷ ಕೊಡ್ತಾರೆ, ಇಮ್ಯೂನಿಟಿ ತಗ್ಗಿಸೋ ಮಾತ್ರೆ ನಡೀತಿದ್ರೆ ಇನ್ನೂ ಮುಂದಕ್ಕೆ.

ನನ್ನ ಹೆಂಡ್ತಿಗೆ ಆದಾಗ ನಮ್ಗೂ ಈ ಕೌಂಟಿಂದೇ ತಲೆಬಿಸಿ. ಸಿಬಿಸೀಲಿ, ಅಂದ್ರೆ ಮಾಮೂಲಿ ರಕ್ತ ಪರೀಕ್ಷೇಲಿ, ನೋಡೋ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ಮುಖ್ಯವಾಗಿ ಬ್ಯಾಕ್ಟೀರಿಯಾ, ಫಂಗಸ್ ನೋಡ್ಕೊಳ್ಳುತ್ತೆ, ಅದು ಸುಮಾರಾಗಿ ಎರಡರಿಂದ ನಾಲ್ಕು ವಾರದಲ್ಲೇ ಬಂದ್ಬಿಡುತ್ತೆ, ಆದ್ರೆ ವೈರಸ್ ತಡಿಯೋ ಟಿ ಸೆಲ್ ಅನ್ನೋ ಇನ್ನೊಂದು ಬಿಳಿ ರಕ್ತಕಣ ಸುಧಾರಿಸೋಕೆ ವರ್ಷ, ಕೆಲವ್ರಿಗೆ ಎರಡು ವರ್ಷನೂ ಹಿಡಿಯುತ್ತೆ, ಜಿವಿಎಚ್‌ಡಿ (ಡೋನರ್ ಕಣಗಳು ಪೇಷಂಟ್ ಮೈ ಮೇಲೇ ದಾಳಿ ಮಾಡೋದು) ಅಂತ ಸ್ಟೀರಾಯ್ಡ್ ತಗೊಂಡ್ರೆ ಅದಕ್ಕೂ ತಡ. ಸಿಎಂವಿ ಹೆಚ್ಚಾಗಿ ಮೊದ್ಲೇ ಮೈಯಲ್ಲಿ ಇದ್ದಿದ್ದೇ ಮತ್ತೆ ಏಳೋದು, ಸರ್ಪಸುತ್ತು ಅಂತೂ ಹಳೇ ಚಿಕನ್‌ಪಾಕ್ಸ್ ವೈರಸ್ಸೇ. ನೀವು ಸರಿಯಾಗಿ ನೋಡ್ಕೊಂಡಿಲ್ಲ ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಮನಸ್ಸಿಗೆ ಹಚ್ಕೋಬೇಡಿ. ಸಿಡಿ4 (ಒಂದು ಬಗೆ ಟಿ ಸೆಲ್) ಕೌಂಟು, ಐಜಿಜಿ (ರಕ್ತದಲ್ಲಿರೋ ಆಂಟಿಬಾಡಿ) ಲೆವೆಲ್ಲು ಎಷ್ಟಿದೆ ಅಂತ ಡಾಕ್ಟ್ರನ್ನ ಕೇಳಿ, ನಿಜವಾದ ಚಿತ್ರ ಅಲ್ಲಿ ಸಿಗುತ್ತೆ. ಸಿಎಂವಿಗೆ ವಾಲ್‌ಗ್ಯಾನ್‌ಸಿಕ್ಲೋವಿರ್ ಮಾತ್ರೆ ಕೊಡ್ತಿದ್ರೆ ಅದು ಕೌಂಟ್ ಇಳಿಸುತ್ತೆ, ಹಾಗಂತ ನೀವಾಗೇ ನಿಲ್ಲಿಸ್ಬೇಡಿ, ಬ್ಲಡ್ ಟೆಸ್ಟ್ ಮಾತ್ರ ತಪ್ಪಿಸ್ಬೇಡಿ.

ಕಷಾಯ ಬೇಡ ಅಕ್ಕ. ಅಮೃತಬಳ್ಳಿ ತಗೊಂಡು ಲಿವರ್‌ಗೆ ಪೆಟ್ಟಾದ ಕೇಸ್‌ಗಳನ್ನ 2021ರಲ್ಲಿ ಮುಂಬೈ ಡಾಕ್ಟ್ರುಗಳೇ ವರದಿ ಮಾಡಿದ್ರು. ಅದೂ ಅಲ್ದೆ ಹೊಸ ಮ್ಯಾರೋ ತಮ್ಮನ ಮೈ ಮೇಲೇ ತಿರುಗಿ ಬೀಳಬಾರ್ದು ಅಂತ ಡಾಕ್ಟ್ರು ಇಮ್ಯೂನಿಟಿನ ಬೇಕಂತಲೇ ಹಿಡಿದಿಟ್ಟಿರ್ತಾರೆ, ಅದನ್ನ ಕೆರಳಿಸೋ ಔಷಧಿ ಯಾಕೆ?

ಸಿದ್ದಾಪುರದಿಂದ:
ಮೇಲಿನವ್ರು ಹೇಳಿದ್ದೆಲ್ಲ ಸರಿ. ನಮ್ಮ ಕಡೆದು ಒಂದೆರಡು ಸೇರಿಸ್ತೀನಿ. ಮಂಗನ ಕಾಯಿಲೆ ಸೀಸನ್ನಲ್ಲಿ, ಅಂದ್ರೆ ಡಿಸೆಂಬರ್‌ನಿಂದ ಮೇ ವರೆಗೆ, ತಮ್ಮನ್ನ ಬೆಟ್ಟದ ಕಡೆ ಕಳ್ಸಲೇಬೇಡಿ, ದರಕು (ಕಾಡಿನ ಒಣ ಎಲೆ) ತಂದೋರ ಮೈಗೆ ಕಾಯಿಲೆ ಹರಡೋ ಉಣ್ಣೆ ಅಂಟಿರ್ಬಹುದು, ಅವ್ರು ಸ್ನಾನ ಮಾಡಿ ಬಟ್ಟೆ ಬದಲಾಯ್ಸಿಯೇ ಹತ್ರ ಹೋಗ್ಲಿ. ಮಳೆಗಾಲದಲ್ಲಿ ಬೂಸಲು ಹಿಡಿದ ಅಡಿಕೆ ಚೀಲ ಇರೋ ಕೋಣೇಲಿ ಮಲಗಿಸ್ಬೇಡಿ. ಮನೇಲಿ ಪುಟ್ಟ ಮಗು ಇದ್ರೆ ಪೋಲಿಯೋ ಹನಿ ಹಾಕಿಸೋಕೆ ಮುಂಚೆ ಡಾಕ್ಟ್ರನ್ನ ಕೇಳಿ, ಹನಿಯಲ್ಲಿ ಜೀವಂತ ವೈರಸ್ ಇರುತ್ತೆ, ಮಗು ಮಲದಲ್ಲಿ ಹೊರಗೆ ಬರುತ್ತೆ, ಇದನ್ನ ನಮ್ಗೆ ಯಾರೂ ಮೊದ್ಲು ಹೇಳಿರ್ಲಿಲ್ಲ.

ಕುಮಟಾದಿಂದ:
ಚಿಕ್ಕಂದಿನ ಲಸಿಕೆಗಳ ಬಲ ಬಹುತೇಕ ಹೋಗಿರುತ್ತೆ, ಎಲ್ಲ ಮತ್ತೆ ಮೊದ್ಲಿಂದ ಹಾಕಿಸ್ಬೇಕು. ಎಂಎಂಆರ್ ಥರ ಜೀವಂತ ಲಸಿಕೆ ಮಾತ್ರ ಎರಡು ವರ್ಷದ ಮೊದ್ಲು ಬೇಡ. ಮನೆಯವ್ರೆಲ್ಲ ಫ್ಲೂ ಇಂಜೆಕ್ಷನ್ ತಗೊಳ್ಳಿ. ಜ್ವರ 100.4 ಮುಟ್ಟಿದ್ರೆ ಡೋಲೋ ಕೊಟ್ಟು ಬೆಂಗಳೂರು ಬಸ್ಸಿಗೆ ಕಾಯ್ತಾ ಕೂರ್ಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ ಅಲ್ಲಿಂದ್ಲೇ ನಿಮ್ಮ ಡಾಕ್ಟ್ರ ಜೊತೆ ಮಾತಾಡ್ಸಿ. ಡಿಸ್ಚಾರ್ಜ್ ಸಮ್ಮರಿ ಫೋನಲ್ಲೂ ಇರ್ಲಿ, ಬ್ಯಾಗಲ್ಲೂ ಇರ್ಲಿ.