ಕಾಡಿನ ಹಳ್ಳದಲ್ಲಿರುವ ಹುಳುಗಳು ಹೊಲದ ನಡುವಿನ ಹಳ್ಳದಲ್ಲಿ ಏಕಿಲ್ಲ?

ಶಿಕ್ಷಕ, ಚಿಂಚೋಳಿ ತಾಲ್ಲೂಕು:
ಎಲ್ಲರಿಗೂ ಶರಣು. ನಮ್ಮೂರಿನ ಹಳ್ಳವು ಚಿಂಚೋಳಿಯ ಕಾಡಿನಿಂದ ಇಳಿದು, ತೊಗರಿ ಹೊಲಗಳ ನಡುವೆ ಹಾದು ಮುಲ್ಲಾಮಾರಿ ನದಿಯನ್ನು ಸೇರುತ್ತದೆ. ದೀಪಾವಳಿಗೆ ಮೊದಲು ಎಂಟನೆಯ ತರಗತಿಯ ಮಕ್ಕಳೊಂದಿಗೆ ಎರಡು ಕಡೆ ಹಳ್ಳದ ತಳವನ್ನು ನೋಡಿದೆವು. ಕಾಡಿನೊಳಗೆ ಕಲ್ಲುಗಳನ್ನು ಮಗುಚಿದಾಗ ಮೇಫ್ಲೈ ಎಂಬ ರೆಕ್ಕೆಯ ಕೀಟದ ಮೂರು ಬಾಲದ ಮರಿಗಳು, ಮರಳಿನ ಕಣಗಳಿಂದ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳುಗಳು, ಸಣ್ಣ ಏಡಿಗಳು ಸಿಕ್ಕವು. ಹೊಲಗಳ ನಡುವಿನ ಮಡುವಿನಲ್ಲಿ ಬಸವನಹುಳುಗಳನ್ನೂ ಕೆಂಪು ದಾರದಂಥ ಹುಳುಗಳನ್ನೂ ಬಿಟ್ಟರೆ ಬೇರೇನೂ ಸಿಗಲಿಲ್ಲ. ನೀರು ಮಾತ್ರ ಎರಡೂ ಕಡೆ ತಿಳಿಯಾಗಿಯೇ ಇತ್ತು. ಇದಕ್ಕೆ ತೊಗರಿಗೆ ಹೊಡೆಯುವ ಔಷಧವೇ ಕಾರಣವೆಂದು ಮಕ್ಕಳಿಗೆ ಹೇಳಬಹುದೇ?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಕಲಬುರಗಿ:
ಸರ್, ಹಾಗೆ ಹೇಳುವ ಮೊದಲು ಸ್ವಲ್ಪ ತಾಳಬೇಕು. ನೀವು ಕಲ್ಲುಗಳ ಮೇಲೆ ಓಡುವ ನೀರನ್ನು ನಿಂತ ಮಡುವಿನೊಂದಿಗೆ ಹೋಲಿಸಿದ್ದೀರಿ. ಸುತ್ತ ಹೊಲವೇ ಇಲ್ಲದಿದ್ದರೂ ಇವೆರಡರ ಜೀವಿಗಳು ಬೇರೆಯಾಗಿಯೇ ಇರುತ್ತವೆ. ಹೊಲಗಳ ನಡುವೆಯೂ ನೀರು ಕಲ್ಲುಗಳ ಮೇಲೆ ಸದ್ದು ಮಾಡುತ್ತ ಹರಿಯುವ ಜಾಗವನ್ನು ಹುಡುಕಿ, ಸೊಳ್ಳೆಪರದೆಯ ಬಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದರ ಮುಂದಿನ ತಳವನ್ನು ಎರಡೂ ಕಡೆ ಅಷ್ಟೇ ಹೊತ್ತು ಕಾಲಿನಿಂದ ಕಲಕಿ, ಸಿಕ್ಕಿದ್ದನ್ನು ಬಿಳಿ ತಟ್ಟೆಯಲ್ಲಿ ಎಣಿಸಿರಿ.

ಆಗಲೂ ವ್ಯತ್ಯಾಸ ಉಳಿದರೆ ನಾನು ಮೊದಲು ಸಂಶಯಪಡುವುದು ಮಣ್ಣಿನ ಮೇಲೆ. ಬೆಳೆ ಇನ್ನೂ ನೆಲ ಮುಚ್ಚದ ಎರೆ ಹೊಲದಿಂದ ಮುಂಗಾರಿನ ಮಳೆಗೆ ಕೊಚ್ಚಿ ಬರುವ ನುಣುಪು ಮಣ್ಣು, ಮೇಫ್ಲೈ ಮರಿಗಳು ವಾಸಿಸುವ ಕಲ್ಲಿನ ಸಂದುಗಳನ್ನೇ ತುಂಬಿಬಿಡುತ್ತದೆ ಮತ್ತು ಅವುಗಳ ಹೊಟ್ಟೆಯ ಪಕ್ಕದಲ್ಲಿರುವ ಕಿವಿರುಗಳಿಗೆ ಮೆತ್ತಿಕೊಳ್ಳುತ್ತದೆ. ಮಳೆ ನಿಂತ ಮೇಲೆ ನೀರು ತಿಳಿಯಾಗುತ್ತದೆ, ತಳದ ರಾಡಿ ಹಾಗೆಯೇ ಉಳಿಯುತ್ತದೆ. ದಂಡೆಯ ಹೊಂಗೆ, ನೆಕ್ಕಿ ಗಿಡಗಳನ್ನು ಕಡಿದಲ್ಲಿ ಹುಳುಗಳಿಗೆ ಆಹಾರವಾಗುವ ಉದುರೆಲೆಯೂ ಇಲ್ಲ, ನೆರಳೂ ಇಲ್ಲ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಕಾದರೆ ಅದು 7.5ಕ್ಕೆ ಇಳಿಯುತ್ತದೆ. ನಿಮಗೆ ಸಿಕ್ಕ ಕೆಂಪು ಹುಳುಗಳು ಬಹುಶಃ ಕೈರೊನೊಮಿಡ್ ಎಂಬ ಸಣ್ಣ ನೊಣದ ಮರಿಗಳು. ನಮ್ಮ ರಕ್ತದಲ್ಲಿರುವಂತೆ ಅವುಗಳಲ್ಲಿಯೂ ಹಿಮೋಗ್ಲೋಬಿನ್ ಇರುವುದರಿಂದ, ಆಮ್ಲಜನಕ ಕಡಿಮೆಯಾದ ಕೆಸರಿನಲ್ಲಿಯೂ ಅವು ಬದುಕುತ್ತವೆ.

ರೈತ, ಭಾಲ್ಕಿ:
ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಔಷಧವನ್ನು ಲೆಕ್ಕದಿಂದ ಬಿಡಬಾರದು. ತೊಗರಿ ಹೂವಾಡುವಾಗ ಕಾಯಿಕೊರಕಕ್ಕೆ ಹೊಡೆಯುವ ಹೊತ್ತಿಗೆ ಮಳೆ ಹಿಂದೆ ಸರಿದು ಹಳ್ಳದ ಹರಿವು ತೆಳ್ಳಗಾಗಿರುತ್ತದೆ. ಪಂಪಿಗೆ ಹಳ್ಳದಲ್ಲೇ ನೀರು ತುಂಬಿ ಅಲ್ಲೇ ತೊಳೆಯುವುದು ನಮ್ಮ ರೂಢಿ. ನಾನೂ ಹಲವು ವರ್ಷ ಹಾಗೆಯೇ ಮಾಡಿದ್ದೇನೆ. ಪೈರೆಥ್ರಾಯ್ಡ್ ಗುಂಪಿನ ಔಷಧಗಳು ನೀರಿನ ಕೀಟಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕವೆಂದು ತಿಳಿದ ಮೇಲೆ ಕೊಡದಲ್ಲಿ ನೀರು ಒಯ್ದು ಹಳ್ಳದಿಂದ ದೂರ ಹೊಲದಲ್ಲೇ ತೊಳೆಯುತ್ತಿದ್ದೇನೆ. ದಂಡೆಯ ಉದ್ದಕ್ಕೂ ಮೂರು ಮಾರು ಅಗಲ ಉಳುಮೆ ನಿಲ್ಲಿಸಿ ಹುಲ್ಲು ಬೆಳೆಯಲು ಬಿಟ್ಟಿದ್ದೇನೆ. ಕೆಲವು ಸಾಲು ತೊಗರಿ ಹೋಯಿತು, ಎತ್ತುಗಳಿಗೆ ಮೇವು ಸಿಕ್ಕಿತು. ಆದರೆ ಪಾಲಿಗೆ ಹೊಲ ಮಾಡಿದವರಿಗೆ ಹೀಗೆ ನೆಲ ಬಿಡುವುದು ಸುಲಭವಲ್ಲ, ಅದನ್ನೂ ಮಕ್ಕಳಿಗೆ ಹೇಳಿರಿ.

ಓದುಗ, ಶಹಾಬಾದ:
ನಮ್ಮ ಕಡೆ ಹೊಲಕ್ಕಿಂತ ಫರಸಿ ಕಲ್ಲಿನ ಕೆಲಸದ ಪರಿಣಾಮವೇ ಹೆಚ್ಚು ಕಾಣುತ್ತದೆ. ಕಲ್ಲು ಕೊಯ್ದು ಪಾಲಿಶ್ ಮಾಡಿದ ನೀರನ್ನು ಹಳ್ಳಕ್ಕೆ ಬಿಟ್ಟ ಕಡೆ ತಳವೆಲ್ಲ ಬೂದು ಬಣ್ಣದ ಕಲ್ಲುಹಿಟ್ಟಿನಿಂದ ಮುಚ್ಚಿಹೋಗಿ, ಮಗುಚಿ ನೋಡಲು ಒಂದು ಬಿಡಿ ಕಲ್ಲೂ ಸಿಗುವುದಿಲ್ಲ. ಅಲ್ಲಿ ಯಾವ ಔಷಧವೂ ಇಲ್ಲ, ಆದರೂ ಹುಳುಗಳಿಲ್ಲ.

ಶಿಕ್ಷಕ, ಚಿಂಚೋಳಿ ತಾಲ್ಲೂಕು:
ಎಲ್ಲರಿಗೂ ಋಣಿಯಾಗಿದ್ದೇನೆ. ಬರುವ ಶನಿವಾರ ಹರಿಯುವ ನೀರಿನಲ್ಲಿ ಮಾತ್ರ ಮೂರು ಕಡೆ ಬಲೆ ಹಿಡಿಯುತ್ತೇವೆ: ಕಾಡಿನ ಅಂಚಿನಲ್ಲಿ, ಮೊದಲ ಹೊಲಗಳು ಮುಗಿಯುವಲ್ಲಿ, ಪಂಪು ತೊಳೆಯುವ ಜಾಗದ ಕೆಳಗೆ. ಎರಡನೆಯ ಜಾಗದಲ್ಲಿಯೇ ಮೇಫ್ಲೈ ಮರಿಗಳು ಕಡಿಮೆಯಾಗಿದ್ದರೆ ಮಣ್ಣಿನ ಮೇಲೆ, ಮೂರನೆಯದರಲ್ಲಿ ಒಮ್ಮೆಲೇ ಇಲ್ಲವಾದರೆ ಔಷಧದ ಮೇಲೆ ಸಂಶಯ ಹೆಚ್ಚುತ್ತದೆ ಎಂದು ಭಾವಿಸಿದ್ದೇನೆ. ಎಣಿಕೆಯನ್ನು ಇಲ್ಲಿಯೇ ಬರೆಯುತ್ತೇನೆ.