ಪೌರತ್ವದ ಅರ್ಜಿ ಮುಂದೆ ಹೋಗ್ತಿಲ್ಲ, ಅತ್ತಿಗೆಯ ವೀಸಾ ಮುಗಿಯುತ್ತಾ ಬಂತು. ಈಗ ಏನು ಮಾಡಬೇಕು?

ಉಪ್ಪಳದ ಮೈದುನ:

ಎಲ್ಲರಿಗೂ ನಮಸ್ಕಾರ. ಅತ್ತಿಗೆಯದ್ದು ಮಲೇಷ್ಯಾ ಪಾಸ್‌ಪೋರ್ಟ್, ಅಣ್ಣ ಭಾರತೀಯ. ಮದುವೆ ಇಲ್ಲಿಯ ಪಂಚಾಯತಿನಲ್ಲಿ ರಿಜಿಸ್ಟರ್ ಆಗಿದೆ. ಪೌರತ್ವ ಕಾಯ್ದೆಯ 5(1)(ಸಿ) ಅಡಿಯಲ್ಲಿ (ಭಾರತೀಯರನ್ನು ಮದುವೆಯಾದವರಿಗೆ ಇರುವ ದಾರಿ) ಆನ್‌ಲೈನ್ ಅರ್ಜಿ ಹಾಕಿ, ಪ್ರಿಂಟ್ ತೆಗೆದು, ದಾಖಲೆಗಳ ಜೊತೆ ಕಾಸರಗೋಡಿನ ಜಿಲ್ಲಾ ಕಚೇರಿಗೆ ಕೊಟ್ಟು ವರ್ಷ ದಾಟಿತು. ಪೊಲೀಸರು ಮನೆಗೆ ಬಂದು ವಿಚಾರಿಸಿಯೂ ಹೋದರು. ಆಮೇಲೆ ಯಾರನ್ನು ಕೇಳಿದರೂ "ಮೇಲೆ ಹೋಗಿದೆ" ಅಂತ ಒಂದೇ ಉತ್ತರ.

ವೀಸಾ ಸದ್ಯದಲ್ಲೇ ಮುಗಿಯುತ್ತದೆ. ಅರ್ಜಿ ಬಾಕಿ ಇರುವಾಗ ಮತ್ತೆ ನವೀಕರಣ ಮಾಡಿಸಬೇಕಾ? ಮಲೇಷ್ಯಾ ಪಾಸ್‌ಪೋರ್ಟ್ ಈಗಲೇ ಒಪ್ಪಿಸಿದರೆ ಕೆಲಸ ಬೇಗ ಆಗ್ತದೆ ಅಂತ ಒಬ್ಬ ಏಜೆಂಟ್ ಹೇಳ್ತಾನೆ, ಅದು ನಿಜವಾ? ಅತ್ತಿಗೆಯ ಅಮ್ಮನಿಗೆ ಹುಷಾರಿಲ್ಲ, ಎರಡು ತಿಂಗಳು ಮಲೇಷ್ಯಾದ ಇಪೋಗೆ ಹೋಗಿ ಬರಬಹುದಾ? ಫೈಲ್ ಎಲ್ಲಿದೆ ಅಂತ ತಿಳಿಯುವ ದಾರಿ ಉಂಟಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬದಿಯಡ್ಕ ವಕೀಲ:

ಮೊದಲು ವೀಸಾ ನೋಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ಪೌರತ್ವದ ಅರ್ಜಿ ಬಾಕಿ ಇದೆ ಅನ್ನುವುದು ಇಲ್ಲಿ ಉಳಿಯಲು ಪರವಾನಗಿ ಅಲ್ಲ. 5ನೇ ಸೆಕ್ಷನ್ ಶುರುವಿನಲ್ಲೇ ಅರ್ಜಿದಾರರು "ಅಕ್ರಮ ವಲಸಿಗ" ಆಗಿರಬಾರದು ಅನ್ನುತ್ತದೆ. ಅಕ್ರಮ ವಲಸಿಗ ಅಂದರೆ ಕದ್ದು ಬಂದವರು ಮಾತ್ರ ಅಲ್ಲ. ಸರಿಯಾದ ಪಾಸ್‌ಪೋರ್ಟ್, ವೀಸಾ ಹಿಡಿದು ಬಂದು, ಅವಧಿ ಮುಗಿದ ಮೇಲೂ ಉಳಿದವರು ಅದೇ ವ್ಯಾಖ್ಯೆಯೊಳಗೆ ಬರುತ್ತಾರೆ. ನವೀಕರಣ ಇಲ್ಲದೆ ಕೆಲವು ವಾರ ಕಳೆದರೂ ಇಷ್ಟು ವರ್ಷದ ವಾಸ್ತವ್ಯಕ್ಕೆ ಕಲೆ ಬೀಳುತ್ತದೆ, ವರದಿ ಬರೆಯುವವರ ಕಣ್ಣು ಮೊದಲು ಬೀಳುವುದೂ ಅಲ್ಲಿಗೇ.

ಮಕ್ಕಳ ವಿಷಯಕ್ಕೂ ಇದು ತಾಗುತ್ತದೆ. 2004ರ ಡಿಸೆಂಬರ್ 3ರಿಂದ ಈಚೆಗೆ ಭಾರತದಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದಲೇ ಪೌರತ್ವ ಸಿಗಬೇಕಾದರೆ ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿರಬೇಕು, ಇನ್ನೊಬ್ಬರು ಮಗು ಹುಟ್ಟುವ ಹೊತ್ತಿಗೆ ಅಕ್ರಮ ವಲಸಿಗರಾಗಿರಬಾರದು. ಅತ್ತಿಗೆಯವರ ವೀಸಾ ಸರಿ ಇದ್ದಾಗ ಹುಟ್ಟಿದ ಮಕ್ಕಳ ಬಗ್ಗೆ ಚಿಂತೆ ಬೇಡ.

ನವೀಕರಣ ಇ-ಎಫ್‌ಆರ್‌ಆರ್‌ಒ ಎಂಬ, ವಿದೇಶೀಯರ ನೋಂದಣಿ ಕಚೇರಿಯ ಪೋರ್ಟಲಿನಲ್ಲಿ. ಕೊನೆಯ ವಾರಕ್ಕೆ ಬಿಡಬೇಡಿ. ಪಾಸ್‌ಪೋರ್ಟಿನ ಅವಧಿಯನ್ನೂ ಈಗಲೇ ನೋಡಿ, ಅದು ಮುಗಿಯುತ್ತಾ ಬಂದಿದ್ದರೆ ಮೊದಲು ಅದನ್ನು ಹೊಸದು ಮಾಡಿಸಬೇಕು. ಹೊಸ ಪಾಸ್‌ಪೋರ್ಟ್ ಬಂದಾಗ ಅದರ ಸಂಖ್ಯೆಯನ್ನು ಪೌರತ್ವದ ಫೈಲಿಗೂ ಬರೆದು ಕೊಡಿ, ಹಳೆಯದರ ಎಲ್ಲ ಪುಟಗಳ ಪ್ರತಿ ಜೋಪಾನ ಮಾಡಿ. ಬಂದ, ಹೋದ ಮುದ್ರೆಗಳು ಇರುವುದು ಅದರಲ್ಲೇ.

ಇಪೋ ಪ್ರಯಾಣದ ಬಗ್ಗೆ: ಕಾಯ್ದೆಯಲ್ಲಿ ಭಾರತದ ವಾಸದ ಲೆಕ್ಕ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ. ಅರ್ಜಿಗೆ ಮೊದಲಿನ 12 ತಿಂಗಳು ಪೂರ್ತಿ ಇಲ್ಲೇ ಇರಬೇಕು, ಅದಕ್ಕೂ ಹಿಂದಿನ 8 ವರ್ಷದಲ್ಲಿ ಒಟ್ಟು 6 ವರ್ಷ ಇದ್ದಿರಬೇಕು. ಆ 12 ತಿಂಗಳಲ್ಲಿ ವಿಶೇಷ ಕಾರಣ ಇದ್ದರೆ ಕೇಂದ್ರ ಸರಕಾರ ಹೆಚ್ಚೆಂದರೆ 30 ದಿನ ರಿಯಾಯಿತಿ ಕೊಡಬಹುದು, ಅದು ಬಿಡಿ ಬಿಡಿ ದಿನಗಳಾದರೂ ಆದೀತು. ಹಾಗಾಗಿ ಈಗ ಹೋಗಿ ಬಂದರೆ ಹಾಕಿದ ಅರ್ಜಿಯ ಲೆಕ್ಕ ತಪ್ಪುವುದಿಲ್ಲ. ಆದರೆ ಯಾವುದೋ ಲೋಪಕ್ಕೆ ಅರ್ಜಿ ವಾಪಸ್ ಬಂದು ಹೊಸದಾಗಿ ಹಾಕಬೇಕಾದರೆ ಈ ಎರಡು ತಿಂಗಳು ಹೊಸ ಲೆಕ್ಕದೊಳಗೆ ಬೀಳುತ್ತದೆ, 30 ದಿನದ ರಿಯಾಯಿತಿಯೂ ಸಾಲದು. ಅಮ್ಮನನ್ನು ನೋಡಲು ಹೋಗಬೇಡಿ ಅಂತ ಯಾರೂ ಹೇಳಲಾರರು. ಆದಷ್ಟು ಚಿಕ್ಕದು ಮಾಡಿ, ಮರಳಿ ಬರಲು ವೀಸಾದಲ್ಲಿ ಅವಕಾಶ ಇದೆಯಾ ನೋಡಿ ಹೊರಡಲಿ.

ಮುಳ್ಳೇರಿಯ ನಿವೃತ್ತ ಗುಮಾಸ್ತ:

ಫೈಲಿನ ದಾರಿ ಹೇಳುತ್ತೇನೆ. ಕಲೆಕ್ಟರ್ ಕಚೇರಿಯಿಂದ ತಿರುವನಂತಪುರದ ಗೃಹ ಇಲಾಖೆಗೆ, ಅಲ್ಲಿಂದ ದೆಹಲಿಯ ಗೃಹ ಸಚಿವಾಲಯದ ವಿದೇಶೀಯರ ವಿಭಾಗಕ್ಕೆ. ನಿಯಮದ ಪ್ರಕಾರ ಕಲೆಕ್ಟರ್ 60 ದಿನದಲ್ಲಿ ವರದಿ ಸಹಿತ ರಾಜ್ಯಕ್ಕೆ ಕಳಿಸಬೇಕು, ರಾಜ್ಯ 30 ದಿನದಲ್ಲಿ ಕೇಂದ್ರಕ್ಕೆ ಕಳಿಸಬೇಕು. ನಡುವೆ ಪೊಲೀಸ್ ವರದಿ, ಗುಪ್ತಚರ ವರದಿ ಬೇರೆ ಬೇರೆ ದಾರಿಯಲ್ಲಿ ಬಂದು ಸೇರಬೇಕು. ಎಲ್ಲ ಕಾಗದ ಬಂದು ಒಂದು ವರದಿ ಬಾರದಿದ್ದರೂ ಫೈಲ್ ಅಲ್ಲೇ ಕೂರುತ್ತದೆ. ಪೊಲೀಸರು ಮನೆಗೆ ಬಂದು ಹೋದರು ಅಂದರೆ ವರದಿ ಕಳಿಸಿದರು ಅಂತ ಅರ್ಥವಲ್ಲ.

"ಮೇಲೆ ಹೋಗಿದೆ" ಅಂದವರ ಹತ್ತಿರ ಎರಡೇ ವಿಷಯ ಕೇಳಿ: ಕಳಿಸಿದ ಪತ್ರದ ನಂಬರ್ ಏನು, ತಾರೀಕು ಏನು. ಬಾಯಿಮಾತಿನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, 10 ರೂಪಾಯಿ ಕೋರ್ಟ್ ಫೀ ಸ್ಟಾಂಪ್ ಹಚ್ಚಿದರೆ ಸಾಕು. "ಯಾಕೆ ತಡ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಫೈಲ್ ಸಂಖ್ಯೆ, ರಾಜ್ಯಕ್ಕೆ ಕಳಿಸಿದ ಪತ್ರದ ಸಂಖ್ಯೆ ಮತ್ತು ತಾರೀಕು, ಯಾವ ವರದಿ ಯಾವ ದಿನ ಕೇಳಿದ್ದು, ಯಾವುದು ಬಂದಿದೆ, ಯಾವುದು ಬಾಕಿ, ನೆನಪೋಲೆ ಕಳಿಸಿದ್ದರೆ ಅದರ ಪ್ರತಿ, ಹೀಗೆ ದಾಖಲೆಯಲ್ಲಿ ಇರುವುದನ್ನೇ ಕೇಳಿ. ಗುಪ್ತಚರ ವರದಿಯ ಒಳಗೆ ಏನಿದೆ ಅಂತ ಕೇಳಿದರೆ ಆ ಸಂಸ್ಥೆಗಳಿಗೆ ವಿನಾಯಿತಿ ಇರುವುದರಿಂದ ತಳ್ಳಿಹಾಕುತ್ತಾರೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ.

ಇನ್ನೊಂದು ವಿಷಯ ನಮ್ಮವರು ಬಹಳ ಮಂದಿ ಮರೆತಿದ್ದಾರೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿಗೂ, ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರಕಾರಿ ಕಚೇರಿಗಳಿಗೂ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಸಿಗಬೇಕು. ಬಳಸಿದರೆ ಮಾತ್ರ ಉಳಿಯುವ ಹಕ್ಕು ಇದು. ಆದರೆ ದೆಹಲಿಗೆ ಹೋಗುವ ಕಾಗದದ ಜೊತೆ ನೋಟರಿ ಮಾಡಿಸಿದ ಇಂಗ್ಲಿಷ್ ಅನುವಾದ ಇಡಿ, ಇಲ್ಲವಾದರೆ ಅನುವಾದ ಬೇಕು ಅಂತಲೇ ಫೈಲ್ ತಿರುಗಿ ಬರುತ್ತದೆ.

ಕುಂಬಳೆ ಓದುಗ:

60 ದಿನ ಕಳೆದರೆ ಮಂಜೂರು ಆದ ಹಾಗೆ ಅಂತ ಕೇಳಿದ್ದೆ, ಹೌದಾ?

ಬದಿಯಡ್ಕ ವಕೀಲ:

ಇಲ್ಲ. ಅದು ಕಚೇರಿಗಳಿಗೆ ಹಾಕಿದ ಗಡುವು, ಅರ್ಜಿದಾರರಿಗೆ ಸಿಕ್ಕ ಪೌರತ್ವ ಅಲ್ಲ. ಗಡುವು ದಾಟಿದ್ದು ಹೈಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತದೆ. ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಿ "ಇಷ್ಟು ದಿನದೊಳಗೆ ತೀರ್ಮಾನ ಮಾಡಿ" ಅಂತ ಆದೇಶ ಕೇಳಬಹುದು. ಪೌರತ್ವ ಕೊಡಿ ಅಂತ ಕೇಳಿದರೆ ನಿಲ್ಲುವುದು ಕಷ್ಟ, ಯಾಕೆಂದರೆ ಪೌರತ್ವ ಕಾಯ್ದೆಯ 14ನೇ ಸೆಕ್ಷನ್ ಕೊಡುವ, ಬಿಡುವ ವಿವೇಚನೆಯನ್ನು ಸರಕಾರಕ್ಕೇ ಬಿಟ್ಟಿದೆ, ಕಾರಣ ಹೇಳಬೇಕೆಂದೂ ಇಲ್ಲ. ರಿಟ್‌ಗೆ ಮೊದಲು ಮಾಹಿತಿ ಹಕ್ಕಿನ ಉತ್ತರ ಕೈಯಲ್ಲಿ ಇರಲಿ.

ನೀರ್ಚಾಲಿನ ಅಕ್ಷಯ ಕೇಂದ್ರದವ:

ಫೈಲ್ ವಾಪಸ್ ಬರುವುದು ಹೆಚ್ಚಾಗಿ ಹೆಸರಿನಿಂದ. ಮಲೇಷ್ಯಾದ ಭಾರತೀಯ ಮೂಲದವರ ಪಾಸ್‌ಪೋರ್ಟಿನಲ್ಲಿ ಹೆಸರಿನ ನಡುವೆ "ಎ/ಪಿ" ಅಂತ ಇರುತ್ತದೆ, ಅಂದರೆ ಇಂಥವರ ಮಗಳು. ಇಲ್ಲಿ ಆಧಾರ್ ಮಾಡಿಸುವಾಗ ಅದನ್ನು ಬಿಡುತ್ತಾರೆ, ಮದುವೆ ಸರ್ಟಿಫಿಕೇಟಿನಲ್ಲಿ ಗಂಡನ ಹೆಸರು ಸೇರಿಸುತ್ತಾರೆ, ಮೂರು ಕಡೆ ಮೂರು ಹೆಸರಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಅಕ್ಷರ ಅಕ್ಷರವಾಗಿ ಹೇಗಿದೆಯೋ ಹಾಗೇ ಎಲ್ಲ ಕಡೆ ತಿದ್ದಿಸಿ. ತಿದ್ದಲಾಗದ ಕಡೆ ಅಫಿಡವಿಟ್ ಕೊಡಿ.

ಅಣ್ಣನವರ ಹೆಸರನ್ನೂ ನೋಡಿ. ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಬರೆದ ಹೆಸರು ಇಂಗ್ಲಿಷಿಗೆ ಬರುವಾಗ "ಸುಬ್ಬಣ್ಣ" ಹೋಗಿ "ಸುಬನ್ನ" ಆಗಿರುತ್ತದೆ. ಅದಕ್ಕೆ ಇ-ಡಿಸ್ಟ್ರಿಕ್ಟ್ ಮೂಲಕ ವಿಲ್ಲೇಜ್ ಆಫೀಸಿನಿಂದ "ವನ್ ಆಂಡ್ ದ ಸೇಮ್" (ಎರಡೂ ಹೆಸರು ಒಬ್ಬರದೇ ಅನ್ನುವ) ಸರ್ಟಿಫಿಕೇಟ್ ಮಾಡಿಸಬಹುದು. ಊರಿನ ಹೆಸರೂ ಅಷ್ಟೆ, ಒಂದು ಕಾಗದದಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಅರ್ಜಿಯಲ್ಲಿ ಒಂದೇ ರೂಪ ಇರಲಿ.

ಮತ್ತೆ, ದಯವಿಟ್ಟು ಅತ್ತಿಗೆಯ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಯಾರಿಗೂ ಬಿಡಬೇಡಿ. ಉಪಕಾರ ಅಂತ ಮಾಡುವವರಿದ್ದಾರೆ. ಪೌರತ್ವ ಸಿಗುವ ಮೊದಲು ಭಾರತೀಯರು ಅಂತ ಸಹಿ ಹಾಕಿದರೆ ಅದು ಸುಳ್ಳು ಘೋಷಣೆ, ಅರ್ಜಿಯೂ ಹೋಗುತ್ತದೆ, ಕೇಸೂ ಬೀಳುತ್ತದೆ.

ಉಪ್ಪಳದ ಮೈದುನ:

ಬಹಳ ಉಪಕಾರ. ಆಧಾರ್‌ನಲ್ಲಿ "ಎ/ಪಿ" ಇಲ್ಲ, ನಾಳೆಯೇ ನೋಡುತ್ತೇನೆ. ಪಾಸ್‌ಪೋರ್ಟ್ ಒಪ್ಪಿಸುವ ವಿಷಯ ಹೇಳಿ.

ಬದಿಯಡ್ಕ ವಕೀಲ:

ಖಂಡಿತ ಬೇಡ. ಕ್ರಮ ಹೀಗೆ: ಗೃಹ ಸಚಿವಾಲಯ ಅರ್ಜಿ ಒಪ್ಪಿದರೆ ಮೊದಲು ಸ್ವೀಕೃತಿ ಪತ್ರ ಬರುತ್ತದೆ. ಆ ಪತ್ರ ಹಿಡಿದು ಮಲೇಷ್ಯಾ ಪೌರತ್ವ ತ್ಯಾಗಕ್ಕೆ ಅರ್ಜಿ. ಮಲೇಷ್ಯಾ ಸಂವಿಧಾನದ 57ನೇ ವಿಧಿಯ ಪ್ರಕಾರ 21 ವರ್ಷ ತುಂಬಿದವರು, ಬೇರೆ ದೇಶದ ಪೌರತ್ವ ಪಡೆದಿದ್ದರೆ ಅಥವಾ ಪಡೆಯಲಿದ್ದರೆ ಮಾತ್ರ ತ್ಯಾಗ ಮಾಡಬಹುದು. "ಪಡೆಯಲಿದ್ದಾರೆ" ಅನ್ನಲು ಸಾಕ್ಷಿ ಈ ಪತ್ರವೇ. ತ್ಯಾಗದ ದಾಖಲೆ, ನಿಷ್ಠೆಯ ಪ್ರತಿಜ್ಞೆ, ಬಾಕಿ ಶುಲ್ಕ ಇಷ್ಟು ಕೊಟ್ಟ ಮೇಲೆ ನೋಂದಣಿ ಪ್ರಮಾಣಪತ್ರ.

ಮೊದಲೇ ಬಿಟ್ಟುಕೊಟ್ಟು ಇಲ್ಲಿ ಅರ್ಜಿ ತಿರಸ್ಕಾರವಾದರೆ ಅವರಿಗೆ ಎರಡೂ ದೇಶ ಇಲ್ಲ, ವೀಸಾ ಅಂಟಿಸಲು ಪಾಸ್‌ಪೋರ್ಟೂ ಇಲ್ಲ. ಬರೀ ಪಾಸ್‌ಪೋರ್ಟ್ ಒಪ್ಪಿಸಿದರೆ ಪೌರತ್ವ ತ್ಯಾಗ ಆಗುವುದೂ ಇಲ್ಲ. ಪಾಕಿಸ್ತಾನದ ಪಾಸ್‌ಪೋರ್ಟ್ ಒಪ್ಪಿಸಿದ್ದ ತಲಶ್ಶೇರಿಯ ಇಬ್ಬರು ಸಹೋದರಿಯರ ಪ್ರಕರಣದಲ್ಲಿ 2024ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ತ್ಯಾಗಪತ್ರಕ್ಕೆ ಪಟ್ಟು ಹಿಡಿಯದೆ ಪೌರತ್ವ ಕೊಡಿ ಅಂದಿತ್ತು. 2025ರಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿ, ತ್ಯಾಗಪತ್ರ ಬೇಕೇ ಬೇಕು ಅಂತ ಹೇಳಿತು. ಏಜೆಂಟಿನ ಮಾತಿಗೆ ಬಲಿಬೀಳಬೇಡಿ.

ಇನ್ನೊಂದು ದಾರಿಯೂ ಉಂಟು. ಮದುವೆ ರಿಜಿಸ್ಟರ್ ಆಗಿ ಎರಡು ವರ್ಷ ದಾಟಿದ್ದರೆ ಭಾರತೀಯರ ಪತ್ನಿ ಅನ್ನುವ ನೆಲೆಯಲ್ಲಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ, ಪೂರ್ತಿ ಪೌರತ್ವ ಅಲ್ಲ) ಕಾರ್ಡಿಗೆ ಅರ್ಜಿ ಹಾಕಬಹುದು. ಅದು ಸಿಕ್ಕಿದರೆ ಪದೇ ಪದೇ ವೀಸಾ ನವೀಕರಣದ ತಲೆಬಿಸಿ ತಪ್ಪುತ್ತದೆ. ಒಸಿಐ ಆಗಿ 5 ವರ್ಷ ತುಂಬಿ, ಅರ್ಜಿಗೆ ಮೊದಲಿನ 12 ತಿಂಗಳು ಇಲ್ಲಿದ್ದರೆ 5(1)(ಜಿ) ಅಡಿಯಲ್ಲೂ ಪೌರತ್ವ ಕೇಳಬಹುದು. ಪಾಕಿಸ್ತಾನ, ಬಾಂಗ್ಲಾದೇಶದವರಿಗೆ ಈ ದಾರಿ ಇಲ್ಲ, ಮಲೇಷ್ಯಾದವರಿಗೆ ಅಡ್ಡಿಯಿಲ್ಲ. ಆದರೆ ಒಸಿಐ ಕೈಗೆ ಬರುವ ತನಕ ಈಗಿನ ವೀಸಾ ಒಂದು ದಿನವೂ ತಪ್ಪಬಾರದು. ಇ-ಎಫ್‌ಆರ್‌ಆರ್‌ಒ ಅರ್ಜಿ ಈ ವಾರವೇ ಹಾಕಿ.