ವಯಸ್ಸಾದ ಹೃದಯದ ಮೇಲೆ ಪೋಸ್ಟ್‌ಡಾಕ್: ಲ್ಯಾಬಿನವರನ್ನು ಏನು ಕೇಳಬೇಕು?

ಪ್ರಶ್ನೆ: ಮೈಸೂರಿನಲ್ಲಿ ನನ್ನ ಪಿಎಚ್‌ಡಿ ಮುಗಿಯುತ್ತಾ ಬಂದಿದೆ. ಲಿವರ್ ಮೈಟೊಕಾಂಡ್ರಿಯಾ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗ) ಮೇಲೆ ಕೆಲಸ. ಅಮೆರಿಕದ ಒಂದು ಲ್ಯಾಬಿನಲ್ಲಿ ವಯಸ್ಸಾದ ಹೃದಯದ ಬಗ್ಗೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಜಾಗ ಇದೆ. ಹೃದಯದ ಅನುಭವ ನನಗಿಲ್ಲ. ಅರ್ಜಿ ಹಾಕಬಹುದಾ? ಸಂದರ್ಶನದಲ್ಲಿ ಏನು ಕೇಳಲಿ?

ಉತ್ತರ: ಧಾರಾಳವಾಗಿ ಹಾಕಿ. ವಯಸ್ಸಾದ ಹೃದಯ ಎಷ್ಟೋ ಸಲ ಹಿಂಡುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ತೊಂದರೆ ಇರುವುದು ಸಡಿಲವಾಗುವುದರಲ್ಲಿ. ಗೋಡೆ ದಪ್ಪಗಾಗಿ ಬಿರುಸಾಗುತ್ತದೆ, ರಕ್ತ ನಿಧಾನ ತುಂಬುತ್ತದೆ. ಸಡಿಲವಾಗುವುದಕ್ಕೂ ಎಟಿಪಿ, ಅಂದರೆ ಜೀವಕೋಶದ ಇಂಧನ, ಬೇಕಲ್ವಾ? ಅಲ್ಲಿಗೆ ನಿಮ್ಮ ಮೈಟೊಕಾಂಡ್ರಿಯಾ ಬಂತು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 24 ತಿಂಗಳ ಇಲಿಗಳಿಗೆ 8 ವಾರ ಎಲಾಮಿಪ್ರೆಟೈಡ್ ಎಂಬ, ಮೈಟೊಕಾಂಡ್ರಿಯಾ ಮೇಲೆ ಕೆಲಸ ಮಾಡುವ ಔಷಧಿ ಕೊಟ್ಟು, ಈ ತೊಂದರೆ ಬಹುಮಟ್ಟಿಗೆ ಹಿಂದಕ್ಕೆ ಸರಿದದ್ದನ್ನು 2020ರಲ್ಲಿ ತೋರಿಸಿತು. ಸಂದರ್ಶನಕ್ಕೆ ಮುಂಚೆ ಅದನ್ನು ಓದಿಕೊಂಡು ಹೋಗಿ.

ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ. "ಮುದಿ ಇಲಿಗಳು ಈಗಲೇ ನಿಮ್ಮ ಹತ್ತಿರ ಇವೆಯಾ?" ಅಂತ ಕೇಳಿ. ಮರಿಯಿಂದ ಸಾಕಬೇಕು ಅಂದರೆ ನಿಮ್ಮ ಎರಡು ವರ್ಷ ಅಲ್ಲೇ ಹೋಯಿತು. ಒಪ್ಪಂದವೋ, ಸಾಮಾನ್ಯವಾಗಿ ವರ್ಷ ವರ್ಷ ನವೀಕರಿಸುವಂಥದ್ದು. ಸಿ57 ಬ್ಲ್ಯಾಕ್6 ತರಹದ ಮಾಮೂಲಿ ತಳಿಯಾದರೆ ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆ ಮುದಿ ಇಲಿಗಳನ್ನು ಸಾಕಿ ಒದಗಿಸುತ್ತದೆ. ಜೀನ್ ಬದಲಿಸಿದ ತಳಿಯಾದರೆ ಹೆಚ್ಚಾಗಿ ಲ್ಯಾಬೇ ಸಾಕಬೇಕು. ನಡುವೆ ಕೆಲವು ಸಾಯುತ್ತವೆ. ಉಳಿಯುವವು ಗಟ್ಟಿಮುಟ್ಟಾದವು, ಅದೂ ಲೆಕ್ಕವನ್ನು ಓರೆ ಮಾಡುತ್ತದೆ. ಹಾಗಾಗಿ ಎಷ್ಟು ಇಲಿಗಳಿವೆ, ಯಾವ ವಯಸ್ಸಿನವು, ಅವು ಯಾರ ಪ್ರಾಜೆಕ್ಟಿಗೆ ಮೀಸಲು, ಎಲ್ಲ ಕೇಳಿ. ಕೇಳಿದರೆ ಬೇಜಾರಾಗುವ ಪಿಐ (ಲ್ಯಾಬಿನ ಮುಖ್ಯಸ್ಥರು) ಆದರೆ ನಾನಂತೂ ಅಲ್ಲಿಗೆ ಹೋಗುವುದಿಲ್ಲ.

ಮರುಪ್ರಶ್ನೆ: ಇಲಿಗೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡುವುದು ಕಷ್ಟವಾ, ಸರ್?

ಉತ್ತರ: ಪ್ರೋಬ್ ಹಿಡಿಯುವುದು ಅಭ್ಯಾಸದಿಂದ ಬರುತ್ತದೆ. ತಲೆನೋವು ಅರಿವಳಿಕೆಯದು. ಇಲಿಯ ಹೃದಯ ನಿಮಿಷಕ್ಕೆ 500ಕ್ಕಿಂತ ಜಾಸ್ತಿ ಬಡಿಯುತ್ತದೆ. ಆ ವೇಗದಲ್ಲಿ, ಹೃದಯಕ್ಕೆ ರಕ್ತ ತುಂಬುವಾಗ ಎಕೋದಲ್ಲಿ ಕಾಣುವ ಇ ಮತ್ತು ಎ ಎಂಬ ಎರಡು ಅಲೆಗಳು ಒಂದರೊಳಗೊಂದು ಸೇರಿಬಿಡುತ್ತವೆ, ಅಳೆಯಲು ಆಗುವುದಿಲ್ಲ. ಅರಿವಳಿಕೆ ಜಾಸ್ತಿ ಕೊಟ್ಟರೆ ಹೃದಯವೇ ಮಂಕಾಗುತ್ತದೆ. ಎಳೆ ಇಲಿಗೂ ಮುದಿ ಇಲಿಗೂ ಬಡಿತ ಒಂದೇ ಮಟ್ಟದಲ್ಲಿ ಇಟ್ಟು ಹೋಲಿಸದಿದ್ದರೆ ಆ ಅಂಕಿ ಸುಮ್ನೆ.

ಇನ್ನೊಬ್ಬರು: ಸಂಬಳ, ವೀಸಾ ಬಗ್ಗೆಯೂ ಹೇಳಿ.

ಉತ್ತರ: ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ 2024ರ ದರದಲ್ಲಿ ಹೊಸ ಪೋಸ್ಟ್‌ಡಾಕ್‌ಗೆ ವರ್ಷಕ್ಕೆ 61,008 ಡಾಲರ್ ಇತ್ತು. ಹಲವು ವಿಶ್ವವಿದ್ಯಾಲಯಗಳು ಅದನ್ನೇ ಅಳತೆಯಾಗಿ ಇಟ್ಟುಕೊಳ್ಳುತ್ತವೆ. ದೊಡ್ಡ ಊರಿನಲ್ಲಿ ಬಾಡಿಗೆಗೇ ಅದರ ದೊಡ್ಡ ಪಾಲು ಹೋಗುತ್ತದೆ. ಜೆ-1 (ವಿನಿಮಯ ಸಂದರ್ಶಕರ) ವೀಸಾ ಕೊಟ್ಟರೆ, ಎರಡು ವರ್ಷ ಭಾರತಕ್ಕೆ ಮರಳಬೇಕೆಂಬ ನಿಯಮ ನಿಮಗೆ ತಗಲುತ್ತದಾ ಎಂದು ಬರಹದಲ್ಲೇ ಕೇಳಿ. ಎನ್‌ಐಎಚ್‌ ಪೋಸ್ಟ್‌ಡಾಕ್‌ಗಳಿಗೆ ಕೊಡುವ ಎಫ್32 ಫೆಲೋಶಿಪ್ ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಮುಂದೆ ಸ್ವಂತ ಲ್ಯಾಬ್ ಕಟ್ಟಲು ನೆರವಾಗುವ ಕೆ99 ಅನುದಾನಕ್ಕೆ ಆ ಅಡ್ಡಿ ಇಲ್ಲ. ಆದರೆ ಪೋಸ್ಟ್‌ಡಾಕ್ ಶುರುವಾಗಿ ಇಷ್ಟೇ ವರ್ಷದೊಳಗೆ ಹಾಕಬೇಕು ಎಂಬ ಮಿತಿ ಇದೆ. ಇಲಿ ಮುದಿಯಾಗುವವರೆಗೆ ಕಾದು ಕೂತರೆ ಆ ಗಡುವೂ ಹತ್ತಿರ ಬಂದಿರುತ್ತದೆ.